ಲಾಗ್‌ನಲ್ಲಿ 42 ಅಂತಿತ್ತು, ಗಾಡಿ 63ರಲ್ಲಿ ಓಡ್ತಿತ್ತು

ಕಾರಿನ ಎಂಜಿನ್ ಕಂಪ್ಯೂಟರ್‌ನಿಂದ ಡೇಟಾ ತೆಗೆಯೋದರ ಬಗ್ಗೆ ಕೊಟ್ಟ ಮಾತಿನ ಬರಹ ರೂಪ ಇದು. ಆದಷ್ಟೂ ಮಾತಾಡಿದ ಹಾಗೇ ಇಟ್ಟಿದ್ದೀನಿ, ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಸೇರಿಸಿದ್ದೀನಿ.

ಎಲ್ರಿಗೂ ನಮಸ್ಕಾರ. ಥಿಯರಿ ಆಮೇಲೆ, ಮೊದಲು ನನ್ನ ಕಾರಿನ ಕಥೆ ಹೇಳ್ಬಿಡ್ತೀನಿ. ಮ್ಯಾನುಯಲ್ ಗೇರ್ ಗಾಡಿ. ಮೂರನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಒಂದು ಜರ್ಕ್ ಹೊಡೆದು ಆಮೇಲೆ ಎತ್ಕೊಳ್ತಿತ್ತು, ಅದೂ ದಿನಾ ಅಲ್ಲ, ಯಾವಾಗ್ಲೋ ಒಂದ್ಸಲ, ಗ್ಯಾರೇಜಿನವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋದ ದಿನ ಮಾತ್ರ ಬರೋದೇ ಇಲ್ಲ. ಸರಿ, ಮಾತಲ್ಲಿ ಹೇಳೋ ಬದಲು ತೋರಿಸೋಣ ಅಂತ ಒಂದು ಬ್ಲೂಟೂತ್ ಅಡಾಪ್ಟರ್ ತಗೊಂಡು ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ, ಫೋನಲ್ಲಿ ಒಂದು ಆಪ್ ಹಾಕ್ಕೊಂಡು ಒಂದು ವಾರ ಲಾಗ್ ಮಾಡಿದೆ, ಅಂದ್ರೆ ಗಾಡಿ ಕೊಡೋ ನಂಬರ್‌ಗಳನ್ನ ಟೈಮ್ ಸಮೇತ ಫೈಲಿಗೆ ಬರೆಸ್ದೆ. ಜರ್ಕ್ ಬಂದ ಜಾಗ ಲಾಗಲ್ಲಿ ಸಿಕ್ತು. ಆರ್‌ಪಿಎಂ, ಅಂದ್ರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗತ್ತೆ ಅನ್ನೋದು, 1726ರಿಂದ 2600ಕ್ಕೆ ಏರಿದೆ, ಸ್ಪೀಡ್ ಮಾತ್ರ 42, 42, 42 ಅಂತ ಹಾಗೇ ನಿಂತಿದೆ. ಗಾಡಿ ಗೊತ್ತಿರೋರು ಯಾರು ನೋಡಿದ್ರೂ ಒಂದೇ ಮಾತು ಹೇಳ್ತಾರೆ, ಎಂಜಿನ್ ತಿರುಗ್ತಿದೆ ಚಕ್ರಕ್ಕೆ ತಲುಪ್ತಿಲ್ಲ, ಕ್ಲಚ್ ಸ್ಲಿಪ್ ಆಗ್ತಿದೆ. ಗೇರ್‌ಬಾಕ್ಸ್ ಇಳಿಸಿದ್ರು, ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್ ಎಲ್ಲಾ ಹೊಸದು ಹಾಕಿದ್ರು. ಹಳೇ ಪ್ಲೇಟನ್ನ ನನ್ನ ಕೈಗೆ ಕೊಟ್ಟಾಗ ನೋಡಿದೆ, ಲೈನಿಂಗ್ ದಪ್ಪಗೇ ಇತ್ತು, ರಿವೆಟ್ ತಲೆಗಳು ಇನ್ನೂ ಒಳಗಡೇನೇ ಇದ್ವು, ಅಂದ್ರೆ ಪ್ಲೇಟು ಸವೆದೇ ಇರ್ಲಿಲ್ಲ. ಆವಾಗ್ಲೇ ನನಗೆ ಹೊಟ್ಟೆಯೊಳಗೆ ಏನೋ ಒಂಥರಾ ಆಯ್ತು. ಹೊಸ ಕ್ಲಚ್ ಹಾಕಿದ ಮೇಲೆ ಜರ್ಕ್ ಹಾಗೇ ಇತ್ತು, ಲಾಗಲ್ಲಿ 42 ಕೂಡ ಹಾಗೇ ನಿಲ್ತಿತ್ತು.

ಗಾಡಿ ಕ್ಲಚ್ ಸರಿಯಾಗೇ ಇತ್ತು. ಲಾಗ್ ಸುಳ್ಳು ಹೇಳಿತ್ತು. ಆ ಸುಳ್ಳು ಹೇಗೆ ಹುಟ್ತು ಅಂತ ಹುಡುಕೋಕೆ ಹೋಗಿ ಕಲ್ತದ್ದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿರೋದು.

ಮೊದಲು ಒಂದು ವಿಷಯ ಮನಸ್ಸಲ್ಲಿಟ್ಕೊಳ್ಳಿ. ಆ 16 ಪಿನ್ನಿನ ಸಾಕೆಟ್ ಇದ್ಯಲ್ಲ, ಓಬಿಡಿ ಪೋರ್ಟು, ಗಾಡಿ ತನ್ನ ತೊಂದರೆಯನ್ನ ತಾನೇ ಹೇಳೋ ಕಿಂಡಿ, ಅದನ್ನ ಲಾಗಿಂಗ್‌ಗೆ ಅಂತ ಮಾಡಿದ್ದೇ ಅಲ್ಲ. ಹೊಗೆ ನಿಯಂತ್ರಣದ ಭಾಗಗಳು ಕೆಟ್ಟಿವ್ಯಾ ಅಂತ ಯಾವುದೇ ಕಂಪನಿ ಗಾಡಿನೂ ಒಂದೇ ಥರದ ಸ್ಕ್ಯಾನರ್‌ನಿಂದ ಚೆಕ್ ಮಾಡೋಕಾಗ್ಲಿ ಅಂತ ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಕಡ್ಡಾಯ ಮಾಡಿದ್ದು, ಯುರೋಪಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಬಂತು. ಮೆಕ್ಯಾನಿಕ್ ಒಂದ್ಸಲ ಕೇಳ್ತಾನೆ, ಕಂಪ್ಯೂಟರ್ ಒಂದ್ಸಲ ಉತ್ತರ ಕೊಡತ್ತೆ, ಅಷ್ಟಕ್ಕೆ ಮಾಡಿದ ವ್ಯವಸ್ಥೆ. ನಾವು ಅದೇ ಬಾಗಿಲು ತಟ್ಟಿ ಸೆಕೆಂಡಿಗೆ ಹತ್ತಿಪ್ಪತ್ತು ಸಲ ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು ಅಂತ ಕೇಳ್ತಾ ಇರ್ತೀವಿ. ಎಂಜಿನ್ ಕಂಪ್ಯೂಟರ್‌ಗೆ ಇಂಧನ ಎಷ್ಟು ಬಿಡಬೇಕು, ಸ್ಪಾರ್ಕ್ ಯಾವಾಗ ಕೊಡಬೇಕು ಅನ್ನೋದು ಮೊದಲನೇ ಕೆಲಸ, ನಮ್ಮ ಪ್ರಶ್ನೆಗೆ ಉತ್ತರ ಕೊಡೋದು ಬಿಡುವಾದಾಗ ಮಾಡೋ ಕೆಲಸ.

ಒಂದೇ ಒಂದು ಉತ್ತರವನ್ನ ಹತ್ತಿರದಿಂದ ನೋಡೋಣ. ನಾವು 01 0ಸಿ ಅಂತ ಕಳಿಸ್ತೀವಿ. 01 ಅಂದ್ರೆ ಈಗಿನ ಡೇಟಾ ಕೊಡು, 0ಸಿ ಅಂದ್ರೆ ಆರ್‌ಪಿಎಂ. ಉತ್ತರ 41 0ಸಿ 1ಎ ಎಫ್8 ಅಂತ ಬರತ್ತೆ. 41 ಅಂದ್ರೆ ನಿನ್ನ 01ಕ್ಕೆ ಇದು ಜವಾಬು ಅಂತ, 0ಸಿ ಅದೇ ನಂಬರ್ ವಾಪಸ್, ಆಮೇಲೆ 1ಎ ಎಫ್8 ಅಸಲಿ ಬೆಲೆ. ಆ ಎರಡು ಬೈಟ್ ಹೆಕ್ಸಲ್ಲಿವೆ, ಅಂದ್ರೆ ಹದಿನಾರರ ಎಣಿಕೆಲಿ, ಸೇರಿಸಿ ನಮ್ಮ ಹತ್ತರ ಲೆಕ್ಕಕ್ಕೆ ತಂದ್ರೆ 6904, ಅದನ್ನ ನಾಲ್ಕರಿಂದ ಭಾಗಿಸಿದ್ರೆ 1726. ಇಷ್ಟೇ. ಈ ಪುಟ್ಟ ಸಾಲು ಕಂಪ್ಯೂಟರ್‌ನಿಂದ ಹೊರಟು ವೈರಲ್ಲಿ ಬಂದು, ಅಡಾಪ್ಟರ್ ಒಳಗೆ ಅಕ್ಷರಗಳಾಗಿ, ಬ್ಲೂಟೂತಲ್ಲಿ ಹಾರಿ, ಆಪ್‌ಗೆ ತಲುಪಿ, ಟೈಮ್ ಹಾಕಿಸ್ಕೊಂಡು ಫೈಲಲ್ಲಿ ಕೂರೋ ಅಷ್ಟರಲ್ಲಿ ಎಲ್ಲಿ ಬೇಕಾದ್ರೂ ಎಡವಬಹುದು. ಎಲ್ಲಿ ಎಡವಿದ್ರೂ ನಮಗೆ ಕಾಣ್ಸೋದು ಒಂದೇ, ಫೈಲಲ್ಲಿ ತಪ್ಪು ನಂಬರ್ ಅಥವಾ ಖಾಲಿ ಜಾಗ.

ಹಾಗಾಗಿ ನಾನು ಮಾಡಿದ ಮೊದಲನೇ ಕೆಲಸ ಆ ಚಂದದ ಆಪ್ ಮುಚ್ಚಿ, ಬರೀ ಟರ್ಮಿನಲ್, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕಿ, ಓಪನ್ ಮಾಡಿ ಅಡಾಪ್ಟರ್ ಏನು ಕೊಡತ್ತೋ ಅದನ್ನ ಒಂದಕ್ಷರ ಬಿಡದೆ, ಪ್ರತಿ ಸಾಲಿಗೂ ಕೇಳಿದ ಟೈಮು ಬಂದ ಟೈಮು ಎರಡನ್ನೂ ಹಾಕಿ ಬರ್ಕೊಂಡಿದ್ದು. ಆಪ್ ಅಡಾಪ್ಟರ್‌ಗೆ ಏನೇನು ಸೆಟ್ಟಿಂಗ್ ಕಳಿಸತ್ತೆ ಅಂತ ಫೋನಿನ ಬ್ಲೂಟೂತ್ ಟ್ರೇಸಲ್ಲಿ, ಅಂದ್ರೆ ಹೋಗಿ ಬಂದ ಸಂದೇಶಗಳ ದಾಖಲೆಲಿ, ನೋಡಿ ಅದನ್ನೇ ನಾನೂ ಕಳಿಸಿದೆ. ಜರ್ಕ್ ಬರೋ ಥರ ಓಡಿಸಿದೆ. ಮನೆಗೆ ಬಂದು ನೋಡಿದ್ರೆ ಆರ್‌ಪಿಎಂ ಕೇಳಿದ ಕಡೆಯೆಲ್ಲಾ ಉತ್ತರ ಇದೆ, ಸ್ಪೀಡ್ ಕೇಳಿದ ಕಡೆ ಎಂಜಿನ್ ಮೇಲೆ ಲೋಡ್ ಬಿದ್ದಾಗ್ಲೆಲ್ಲಾ "ನೋ ಡೇಟಾ", "ನೋ ಡೇಟಾ", "ನೋ ಡೇಟಾ". ಅಂದ್ರೆ ಆ 42 ಅನ್ನೋದು ಗಾಡಿ ಹೇಳಿದ್ದಲ್ಲ! ಉತ್ತರ ಬರದೇ ಇದ್ದಾಗ ಆಪ್ ತನ್ನ ಹತ್ರ ಇದ್ದ ಹಳೇ ಬೆಲೆಯನ್ನೇ ಮತ್ತೆ ಮತ್ತೆ ಬರೀತಿತ್ತು, ಅದಕ್ಕೆ ಹೊಸ ಟೈಮ್ ಬೇರೆ ಹಾಕ್ತಿತ್ತು.

ಇನ್ನು "ನೋ ಡೇಟಾ" ಯಾಕೆ ಬರ್ತಿತ್ತು. ಈ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಇಎಲ್‌ಎಂ327 ಅನ್ನೋ ಚಿಪ್ಪಿನ ಭಾಷೆ ಮಾತಾಡ್ತವೆ, ಅದರಲ್ಲಿ ಎಟಿ ಎಸ್‌ಟಿ ಅಂತ ಒಂದು ಕಮಾಂಡ್ ಇದೆ, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅಂತ ಹೇಳೋದು. ಕೊಟ್ಟ ಸಂಖ್ಯೆಗೆ ತಲಾ ಸುಮಾರು 4 ಮಿಲಿಸೆಕೆಂಡ್. ಅದು ತಾನಾಗೇ ಇಟ್ಕೊಳ್ಳೋದು ಹೆಕ್ಸಲ್ಲಿ 32, ಅಂದ್ರೆ ಹತ್ತತ್ರ 200 ಮಿಲಿಸೆಕೆಂಡ್. ನನ್ನ ಆಪ್ "ಫಾಸ್ಟ್ ಮೋಡ್" ಅಂತ ಹೇಳ್ಕೊಂಡು ಅದನ್ನ 0ಎ ಮಾಡಿತ್ತು, ಅಂದ್ರೆ ಸುಮಾರು 40. ಆದ್ರೆ ಕ್ಯಾನ್, ಅಂದ್ರೆ ಗಾಡಿಯೊಳಗಿನ ಕಂಪ್ಯೂಟರ್‌ಗಳು ಮಾತಾಡ್ಕೊಳ್ಳೋ ಜೋಡಿ ವೈರು, ಅದರ ಮೇಲಿನ ಓಬಿಡಿಯಲ್ಲಿ ಎಂಜಿನ್ ಕಂಪ್ಯೂಟರ್‌ಗೆ ಉತ್ತರ ಕೊಡೋಕೆ ಸ್ಟ್ಯಾಂಡರ್ಡೇ ಕೊಟ್ಟಿರೋ ಅವಕಾಶ 50 ಮಿಲಿಸೆಕೆಂಡ್. ನನ್ನ ಗಾಡಿ ಸಾಮಾನ್ಯವಾಗಿ ಬೇಗ ಉತ್ತರ ಕೊಡ್ತಿತ್ತು, ಲೋಡ್ ಬಿದ್ದಾಗ ಸ್ಪೀಡಿನ ಉತ್ತರ ಮಾತ್ರ ನಲವತ್ತನ್ನ ದಾಟ್ತಿತ್ತು, ಅಷ್ಟರಲ್ಲಿ ಅಡಾಪ್ಟರ್ ಕಿವಿ ಮುಚ್ಕೊಂಡಾಗಿರ್ತಿತ್ತು. ಗಾಡಿ ನಿಯಮದ ಪ್ರಕಾರವೇ ನಡ್ಕೊಂಡಿದೆ, ಕೇಳಿದೋರು ಕಾಯ್ಲಿಲ್ಲ. ಎಸ್‌ಟಿಯನ್ನ ವಾಪಸ್ 32 ಮಾಡಿ, ಎಟಿ ಎಟಿ0 ಕೊಟ್ಟು ಅಡಾಪ್ಟರ್ ತಾನೇ ಟೈಮ್ ಕಡಿಮೆ ಮಾಡ್ಕೊಳ್ಳೋದನ್ನ ನಿಲ್ಲಿಸಿದೆ, ಸಾಲುಗಳು ಕಡಿಮೆ ಆದ್ವು, ಆದ್ರೆ ಒಂದೂ ತಪ್ಪಲಿಲ್ಲ.

ಇಲ್ಲಿ ನನಗೆ ಅತೀ ಮುಖ್ಯ ಅನ್ಸೋದು ಹೇಳ್ತೀನಿ. ಲಾಗ್ ನಿಂತ್ರೆ ಪರವಾಗಿಲ್ಲ, ಖಾಲಿ ಬಿಟ್ರೂ ಪರವಾಗಿಲ್ಲ, ಖಾಲಿ ಕಂಡ್ರೆ ನಾವು ಹುಷಾರಾಗ್ತೀವಿ. ಬರದೇ ಇರೋ ಉತ್ತರದ ಜಾಗದಲ್ಲಿ ಹಳೇ ನಂಬರ್ ತುಂಬೋ ಲಾಗ್ ಇದ್ಯಲ್ಲ, ಅದನ್ನ ಇಟ್ಕೊಳ್ಳೋದಕ್ಕಿಂತ ಲಾಗೇ ಇಲ್ಲದೆ ಇರೋದು ವಾಸಿ. ನೀವು ಸಾಫ್ಟ್‌ವೇರ್ ಬರೆಯೋರಾದ್ರೆ ದಯವಿಟ್ಟು ಆ ಜಾಗ ಖಾಲಿ ಬಿಡಿ, ಸೊನ್ನೆನೂ ಹಾಕ್ಬೇಡಿ. ಸೊನ್ನೆ ಹಾಕಿದ್ರೆ ಏನಾಗತ್ತೆ ನೋಡಿ, ಕೂಲಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ನೀರು, ಅದರ ಟೆಂಪರೇಚರ್‌ದು ಲೆಕ್ಕ ಬಂದ ಬೈಟ್‌ನಿಂದ 40 ಕಳೆಯೋದು, ಹಾಗಾಗಿ ಬೈಟ್ ಸೊನ್ನೆ ಆದ್ರೆ ಬಿಸಿ ಎಂಜಿನ್ ಮೈನಸ್ 40 ಡಿಗ್ರಿ ಅಂತ ತೋರ್ಸತ್ತೆ. ಸೆನ್ಸರ್ ವೈರ್ ಕಟ್ ಆಗಿದ್ರೂ ಮೈನಸ್ 40 ಬರಬಹುದು. ಆಮೇಲೆ ಯಾವುದು ಸೆನ್ಸರಿಂದು ಯಾವುದು ನಿಮ್ಮ ಪ್ರೋಗ್ರಾಮಿಂದು ಅಂತ ಬಿಡಿಸೋದು ಹೇಗೆ?

ಸರಿ, ನಿಮ್ಮ ಲಾಗ್ ಕೈಕೊಡ್ತಿದೆ ಅಂದ್ರೆ ಎಲ್ಲಿಂದ ಶುರು ಮಾಡೋದು. ಎಲ್ರೂ ಆಪ್ ಬದಲಾಯಿಸೋದ್ರಿಂದ ಶುರು ಮಾಡ್ತಾರೆ, ನಾನು ಮಲ್ಟಿಮೀಟರ್‌ನಿಂದ ಅಂತೀನಿ. ಸಾಕೆಟ್ಟಿನ 16ನೇ ಪಿನ್ ಬ್ಯಾಟರಿ ಪ್ಲಸ್, 4 ಮತ್ತೆ 5 ಅರ್ಥ್. ಎಂಜಿನ್ ಓಡ್ತಿರೋವಾಗ ಮಾಮೂಲಿ ಗಾಡಿಲಿ ಅಲ್ಲಿ ಹದಿಮೂರೂವರೆಯಿಂದ ಹದಿನಾಲ್ಕೂವರೆ ವೋಲ್ಟ್ ಆಸುಪಾಸು ಇರ್ಬೇಕು. ಸೆಲ್ಫ್ ಹೊಡೆಯೋವಾಗ ಅದು ಧಡ್ ಅಂತ ಕೆಳಗೆ ಬೀಳತ್ತೆ, ಬ್ಯಾಟರಿ ಹಳೇದಾಗಿದ್ರೆ ಇನ್ನೂ ಕೆಳಗೆ, ಆ ಒಂದು ಕ್ಷಣದಲ್ಲಿ ಅಡಾಪ್ಟರ್ ರೀಸೆಟ್ ಆಗಿ ನೀವು ಕೊಟ್ಟ ಸೆಟ್ಟಿಂಗ್ ಎಲ್ಲಾ ಮರ್ತುಬಿಡತ್ತೆ, ಆದ್ರೆ ಬ್ಲೂಟೂತ್ ಮತ್ತೆ ಕನೆಕ್ಟ್ ಆಗಿರೋದ್ರಿಂದ ಆಪ್‌ಗೆ ಗೊತ್ತೇ ಆಗಲ್ಲ. ಲಾಗ್ ಯಾವಾಗ್ಲೂ ಮೊದಲನೇ ನಿಮಿಷದಲ್ಲೇ ಹಾಳಾಗತ್ತೆ ಅನ್ನೋರು ಎಂಜಿನ್ ಸ್ಟಾರ್ಟ್ ಆದ ಮೇಲೆ ಲಾಗಿಂಗ್ ಶುರು ಮಾಡಿ ನೋಡಿ. ಸಾಕೆಟ್ ಪಿನ್ ಸಡಿಲ ಆಗಿರೋದು ಇನ್ನೊಂದು, ಬೇರೆ ಬೇರೆ ಸ್ಕ್ಯಾನರ್ ಚುಚ್ಚಿ ತೆಗೆದು ಹೆಣ್ಣು ಪಿನ್ನುಗಳು ಅಗಲ ಆಗಿರ್ತವೆ, ಮೊಣಕಾಲು ತಾಗಿದ್ರೆ ಅಡಾಪ್ಟರ್ ಅಲ್ಲಾಡತ್ತೆ. ಅಡಾಪ್ಟರನ್ನ ಬೆರಳಲ್ಲಿ ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸ್ತಾ ಲಾಗ್ ನೋಡಿ. ಸಡಿಲ ಇದ್ರೆ ಗಾಡಿ ನಿಂತಲ್ಲೇ ಗೊತ್ತಾಗ್ಬಿಡತ್ತೆ.

ಕ್ಯಾನ್ ಇರೋ ಗಾಡಿಯಾದ್ರೆ ಇನ್ನೊಂದು ಅಳತೆ ಮಾಡಿ. ಅಮೆರಿಕದಲ್ಲಿ 2008ರ ಮಾಡೆಲ್‌ನಿಂದ ಎಲ್ಲಾ ಕಾರಿಗೂ ಕ್ಯಾನೇ ಕಡ್ಡಾಯ ಆಗಿದೆ. ಬ್ಯಾಟರಿ ಕನೆಕ್ಷನ್ ತೆಗೆದು 6 ಮತ್ತೆ 14ನೇ ಪಿನ್ ನಡುವೆ ಓಮ್ಸ್ ಇಟ್ರೆ 60ರ ಹತ್ರ ಬರ್ಬೇಕು, ಯಾಕಂದ್ರೆ ಆ ಜೋಡಿ ವೈರಿನ ಎರಡು ತುದಿಲೂ ಒಂದೊಂದು 120 ಓಮ್ ರೆಸಿಸ್ಟರ್ ಇರತ್ತೆ. 120 ತೋರಿಸಿದ್ರೆ ಒಂದು ತುದಿ ಕಟ್ ಆಗಿದೆ. 40 ತೋರಿಸಿದ್ರೆ ಯಾರೋ ಮೂರನೇದು ಸೇರ್ಸಿದ್ದಾರೆ, ಆ ಯಾರೋ ಎಷ್ಟೋ ಸಲ ನಾವೇ, ಲ್ಯಾಪ್‌ಟಾಪಿಗೆ ಹಾಕೋ ಕ್ಯಾನ್ ಬೋರ್ಡಲ್ಲಿ 120 ಓಮ್ ಜಂಪರ್ ಹಾಕಿಯೇ ಬಂದಿರತ್ತೆ. ಆ ಜಂಪರ್ ತೆಗೀರಿ. ಕೆಲವು ಹೊಸ ಗಾಡಿಗಳಲ್ಲಿ ಸಾಕೆಟ್ ಹಿಂದೆ ಗೇಟ್‌ವೇ, ಅಂದ್ರೆ ನಡುವೆ ನಿಂತು ಸಂದೇಶ ದಾಟಿಸೋ ಇನ್ನೊಂದು ಕಂಪ್ಯೂಟರ್, ಕೂತಿರತ್ತೆ, ಅಲ್ಲಿ ಈ ಅಳತೆ ಎಂಜಿನ್ ಕಡೆಯ ವೈರಿನ ಬಗ್ಗೆ ಏನೂ ಹೇಳಲ್ಲ, ಅದು ಗೊತ್ತಿರ್ಲಿ.

ಇನ್ನು ಅಡಾಪ್ಟರ್. ಇಎಲ್‌ಎಂ327 ಮಾಡಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್, ಆದ್ರೆ ಮಾರ್ಕೆಟ್ಟಲ್ಲಿ ಸಿಗೋದು ಬಹುಪಾಲು ನಕಲು. ನಕಲು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಕೆಲವು ಚೆನ್ನಾಗೇ ಓಡ್ತವೆ, ಸಮಸ್ಯೆ ಏನಂದ್ರೆ ಕೆಲವು ಕಮಾಂಡ್‌ಗೆ "ಓಕೆ" ಅಂತ ಹೇಳಿ ಏನೂ ಮಾಡ್ದೆ ಸುಮ್ನೆ ಇರ್ತವೆ. ಟೈಮ್‌ಔಟ್ ಜಾಸ್ತಿ ಮಾಡ್ದೆ ಅಂತ ನೀವು ಅಂದ್ಕೊಂಡಿರ್ತೀರ, ಅದು ಆಗೇ ಇರಲ್ಲ. ಹಾಗಾಗಿ ಓಕೆಯನ್ನ ನಂಬ್ಬೇಡಿ, ಗಾಡಿ ಸಪೋರ್ಟ್ ಮಾಡದೇ ಇರೋ ಒಂದು ನಂಬರ್ ಕೇಳಿ "ನೋ ಡೇಟಾ" ಬರೋಕೆ ಎಷ್ಟು ಹೊತ್ತು ಹಿಡೀತು ಅಂತ ಅಳೀರಿ, ಎಸ್‌ಟಿ ಬದಲಾಯಿಸಿ ಮತ್ತೆ ಅಳೀರಿ. ಹೊತ್ತು ಬದಲಾಗ್ಲಿಲ್ಲ ಅಂದ್ರೆ ಆ ಅಡಾಪ್ಟರ್ ನಿಮ್ಮ ಮಾತು ಕೇಳ್ತಿಲ್ಲ.

ಪ್ರೋಗ್ರಾಂ ಬರೆಯೋರು ಮಾಡೋ ಒಂದು ತಪ್ಪು ನಾನೇ ಎಷ್ಟೋ ಕೋಡಲ್ಲಿ ತಿದ್ದಿದ್ದೀನಿ. ಅಡಾಪ್ಟರ್ ಉತ್ತರ ಕೊಟ್ಟಾದ ಮೇಲೆ ಬಾಣದ ತಲೆ ಥರದ ಒಂದು ಗುರುತು ಕಳಿಸತ್ತೆ, ಈಗ ನಾನು ರೆಡಿ ಅಂತ. ಅದು ಬರೋ ತನಕ ಮುಂದಿನ ಪ್ರಶ್ನೆ ಕೇಳ್ಬಾರ್ದು. ಮಧ್ಯದಲ್ಲಿ ಒಂದಕ್ಷರ ಹೋದ್ರೂ ಅದು ಮಾಡ್ತಿದ್ದ ಕೆಲಸ ಬಿಟ್ಟು "ಸ್ಟಾಪ್ಡ್" ಅಂತ ಬರೆದು ಕೂರತ್ತೆ. 100 ಮಿಲಿಸೆಕೆಂಡಿಗೊಂದು ಪ್ರಶ್ನೆ ಅಂತ ಟೈಮರ್ ಇಟ್ಟು ಕಳಿಸ್ತಾ ಹೋಗೋ ಕೋಡ್ ಟೇಬಲ್ ಮೇಲೆ ಚೆನ್ನಾಗೇ ಓಡತ್ತೆ, ರಸ್ತೆಲಿ ಒಂದು ಉತ್ತರ ತಡ ಆಯ್ತು ಅಂದ್ರೆ ಆ ಪ್ರಶ್ನೆ ಹಾಳು, ಅದರ ಹಿಂದಿನ ಉತ್ತರ ಮುಂದಿನದಕ್ಕೆ ಅಂಟ್ಕೊಂಡು ಎಲ್ಲಾ ಒಂದೊಂದು ಸ್ಥಾನ ಜರುಗತ್ತೆ. ಅದಕ್ಕೇ ಉತ್ತರದಲ್ಲಿರೋ 41 0ಸಿಯನ್ನ ಚೆಕ್ ಮಾಡ್ಲೇಬೇಕು, ನಾನು ಕೇಳಿದ್ದಕ್ಕೇ ಇದು ಜವಾಬಾ ಅಂತ. ಜೊತೆಗೆ ಆ ಚಿಪ್ಪು ಆಗಾಗ ಸೊನ್ನೆ ಬೆಲೆಯ ಅಕ್ಷರ ತೂರ್ಸಬಹುದು, ಅದನ್ನ ಎಸೆದುಬಿಡಿ ಅಂತ ಅವರ ಡೇಟಾಶೀಟೇ ಹೇಳತ್ತೆ.

ಫೋನ್, ಲ್ಯಾಪ್‌ಟಾಪ್ ಕಡೆ ಬೇಗ ಹೇಳ್ಬಿಡ್ತೀನಿ. ಸ್ಕ್ರೀನ್ ಆಫ್ ಆದ್ಮೇಲೆ ಲಾಗ್ ನಿಲ್ಲತ್ತೆ ಅಂದ್ರೆ ಅದು ಬ್ಯಾಟರಿ ಉಳಿಸೋ ಸೆಟ್ಟಿಂಗು, ಆಪ್‌ಗೆ ವಿನಾಯಿತಿ ಕೊಡಿ. ವೈಫೈ ಅಡಾಪ್ಟರ್ ಆದ್ರೆ ಅದರಲ್ಲಿ ಇಂಟರ್ನೆಟ್ ಇಲ್ಲ ಅಂತ ಫೋನು ತಾನಾಗೇ ಮೊಬೈಲ್ ಡೇಟಾಗೆ ಹಾರತ್ತೆ. ಯುಎಸ್‌ಬಿ ಕೇಬಲ್ಲಲ್ಲಿ ಎಫ್‌ಟಿಡಿಐ ಚಿಪ್ ಇದ್ರೆ ಅದರ ಲೇಟೆನ್ಸಿ ಟೈಮರ್ 16 ಮಿಲಿಸೆಕೆಂಡ್ ಇರತ್ತೆ, ಚಿಕ್ಕ ಚಿಕ್ಕ ಉತ್ತರಗಳಿಗೆ ಅದು ಸುಮ್ನೆ ಕಾಯಿಸೋದು, 1 ಮಾಡಿ. ಕೀ ತೆಗೆದ ತಕ್ಷಣ ಕರೆಂಟ್ ಹೋಗೋ ಪುಟ್ಟ ಬೋರ್ಡಲ್ಲಿ ಲಾಗ್ ಮಾಡ್ತಿದ್ರೆ ಫೈಲ್ ಇನ್ನೂ ಕಾರ್ಡಿಗೆ ಹೋಗದೆ ಬಫರ್ ಅನ್ನೋ ತಾತ್ಕಾಲಿಕ ಮೆಮೊರಿ ಒಳಗೇ ಉಳ್ಕೊಂಡು ಕೊನೇ ಒಂದಷ್ಟು ಸಾಲು ಮಾಯ ಆಗತ್ತೆ, ಕೆಲವೊಮ್ಮೆ ಕಾರ್ಡೇ ಹಾಳಾಗತ್ತೆ, ಹಾಗಾಗಿ ಕೆಲವು ಸೆಕೆಂಡಿಗೊಮ್ಮೆ ಕಾರ್ಡಿಗೆ ಬರೆಸಿ. ಟೈಮ್ ಹಾಕೋವಾಗ ಗೋಡೆ ಗಡಿಯಾರದ ಟೈಮ್ ಒಂದನ್ನೇ ನಂಬ್ಬೇಡಿ, ಮಧ್ಯದಲ್ಲಿ ನೆಟ್ ಸಿಕ್ಕಿ ಗಡಿಯಾರ ಸರಿಮಾಡ್ಕೊಂಡ್ರೆ ಲಾಗ್ ಹಿಂದಕ್ಕೋ ಮುಂದಕ್ಕೋ ಜಿಗಿಯತ್ತೆ, ಬೋರ್ಡ್ ಆನ್ ಆದಾಗಿಂದ ಎಣಿಸೋ ಕೌಂಟರನ್ನ ಜೊತೆಗೆ ಇಡಿ.

ಇಷ್ಟೆಲ್ಲಾ ಮಾಡಿದ ಮೇಲೂ ಲಾಗನ್ನ ನಂಬಬಹುದಾ ಅಂತ ಪರೀಕ್ಷೆ ಮಾಡೋಕೆ ಮ್ಯಾನುಯಲ್ ಗಾಡಿಲಿ ಒಂದು ಒಳ್ಳೇ ದಾರಿ ಇದೆ. ಕ್ಲಚ್ ಬಿಟ್ಟು ಒಂದೇ ಗೇರಲ್ಲಿ ಓಡ್ತಿದ್ರೆ ಆರ್‌ಪಿಎಂನ ಸ್ಪೀಡಿನಿಂದ ಭಾಗಿಸಿದ್ರೆ ಬರೋದು ಸ್ಥಿರ, ಯಾಕಂದ್ರೆ ಹಲ್ಲುಗಳು ಲೋಹದ್ದು, ಅವು ಜಗ್ಗಲ್ಲ. ನನ್ನ ಗಾಡಿಲಿ ಮೂರನೇ ಗೇರಿಗೆ 1726 ಭಾಗ 42, ಹತ್ತತ್ರ 41. ಆ ಲೆಕ್ಕದಲ್ಲಿ 2600 ಆರ್‌ಪಿಎಂಗೆ ಗಾಡಿ 63ರಲ್ಲಿ ಓಡ್ತಿರ್ಬೇಕು, ಓಡ್ತಾನೂ ಇತ್ತು, ಡ್ಯಾಶ್‌ಬೋರ್ಡ್ ಮುಳ್ಳು ಅದನ್ನೇ ತೋರಿಸ್ತಿತ್ತು, ನಾನು ಮುಳ್ಳು ಬಿಟ್ಟು ಲಾಗ್ ನಂಬಿದ್ದೆ. ನಿಜವಾಗ್ಲೂ ಕ್ಲಚ್ ಸ್ಲಿಪ್ ಆದ್ರೆ ಸ್ಪೀಡ್ ಒಂದೊಂದೇ ಕಿಲೋಮೀಟರ್ ಏರ್ತಾ ಇಳೀತಾ ಇರತ್ತೆ, ನಾಲ್ಕು ಸೆಕೆಂಡ್ ಒಂದೇ ನಂಬರಲ್ಲಿ ಕಲ್ಲಿನ ಹಾಗೆ ನಿಲ್ಲಲ್ಲ. ರಸ್ತೆ ಮೇಲೆ ಓಡೋ ಗಾಡಿಲಿ ಅಷ್ಟು ಸಪಾಟಾದ ಗೆರೆ ಕಂಡ್ರೆ ಮೊದಲು ಲಾಗ್ ಮೇಲೆ ಅನುಮಾನ ಪಡಿ.

ಈ ಭಾಗಾಕಾರಕ್ಕೆ ಎರಡೂ ನಂಬರ್ ಒಂದೇ ಕ್ಷಣದ್ದಾಗಿರ್ಬೇಕು. ಒಂದಾದ ಮೇಲೆ ಒಂದು ಕೇಳಿದ್ರೆ ನಡುವೆ ಐವತ್ತೋ ನೂರೋ ಮಿಲಿಸೆಕೆಂಡ್ ಜಾರಿರತ್ತೆ. ಕ್ಯಾನ್ ಗಾಡಿಲಿ ಒಂದೇ ಪ್ರಶ್ನೆಲಿ ಆರು ನಂಬರ್ ತನಕ ಕೇಳಬಹುದು, ಎಷ್ಟೋ ಜನ ಇದನ್ನ ಬಳಸೋದೇ ಇಲ್ಲ. 01 0ಸಿ 0ಡಿ ಅಂತ ಕೇಳಿದೆ, 0ಡಿ ಅಂದ್ರೆ ಸ್ಪೀಡ್, ಬಂದ ಉತ್ತರ 7ಇ8 06 41 0ಸಿ 1ಎ ಎಫ್8 0ಡಿ 2ಎ. 7ಇ8 ಎಂಜಿನ್ ಕಂಪ್ಯೂಟರಿನ ವಿಳಾಸ, 06 ಅಂದ್ರೆ ಮುಂದೆ ಆರು ಬೈಟ್ ಇದೆ, ಆಮೇಲೆ 1726 ಮತ್ತೆ 2ಎ ಅಂದ್ರೆ 42, ಎರಡೂ ಒಂದೇ ಚೀಟಿಲಿ. ಒಂದು ಫ್ರೇಮಲ್ಲಿ, ಅಂದ್ರೆ ಅಂಥ ಒಂದು ಚೀಟಿಲಿ, ಏಳು ಬೈಟ್ ತನಕ ಹಿಡಿಸತ್ತೆ, ಇದು ಆರು, ಹಾಗಾಗಿ ತುಂಡಾಗದೆ ಬರತ್ತೆ. ಥ್ರಾಟಲ್ ಕೂಡ ಸೇರಿಸಿದ್ರೆ ಎಂಟಾಗತ್ತೆ, ಉತ್ತರ ಎರಡು ತುಂಡಲ್ಲಿ ಬರತ್ತೆ, ನಿಮ್ಮ ಕೋಡ್ ಅದನ್ನ ಜೋಡಿಸೋಕೆ ಕಲ್ತಿರ್ಬೇಕು, ಇಲ್ಲಾಂದ್ರೆ ಅಲ್ಲೊಂದು ಹೊಸ ಸಮಸ್ಯೆ ಹುಟ್ಟತ್ತೆ.

ಈಗ ಪ್ರಶ್ನೆಗಳು.

ಒಬ್ರು ಕೇಳಿದ್ರು, ಸರ್ ನನ್ನ ಹಳೇ ಗಾಡಿಲಿ ಸೆಕೆಂಡಿಗೆ ಮೂರ್ನಾಲ್ಕು ಉತ್ತರ ಬಂದ್ರೆ ಹೆಚ್ಚು, ಏನು ಮಾಡೋದು ಅಂತ. 7ನೇ ಪಿನ್ನಿನ ಕೆ ಲೈನ್ ಗಾಡಿ ಇರ್ಬೇಕು ಅದು, ಕ್ಯಾನ್‌ಗಿಂತ ಹಳೇ ವ್ಯವಸ್ಥೆ. ಅದರ ವೇಗ ಸೆಕೆಂಡಿಗೆ 10,400 ಬಿಟ್, ಜೊತೆಗೆ ಒಂದು ಉತ್ತರ ಆದ್ಮೇಲೆ ಮುಂದಿನ ಪ್ರಶ್ನೆಗೆ ಕನಿಷ್ಠ 55 ಮಿಲಿಸೆಕೆಂಡ್ ಬಿಡ್ಬೇಕು ಅಂತ ನಿಯಮ. ಅಡಾಪ್ಟರ್ ಎಷ್ಟು ದುಬಾರಿದು ತಂದ್ರೂ ಈ ಗೋಡೆ ದಾಟಕ್ಕಾಗಲ್ಲ. ಹನ್ನೆರಡು ನಂಬರ್ ಕೇಳೋದು ಬಿಡಿ, ನಿಮ್ಮ ತೊಂದರೆಗೆ ಬೇಕಾದ ಎರಡು ಮಾತ್ರ ಪ್ರತಿ ಸುತ್ತಲ್ಲಿ ಕೇಳಿ, ಕೂಲಂಟ್ ಟೆಂಪರೇಚರ್ ಹತ್ತು ಸೆಕೆಂಡಿಗೊಂದು ಸಲ ಸಾಕು, ನೀರು ಅಷ್ಟು ಬೇಗ ಬಿಸಿ ಆಗಲ್ಲ. ಮತ್ತೆ ಕೆ ಲೈನಲ್ಲಿ 5 ಸೆಕೆಂಡ್ ಏನೂ ಕೇಳ್ದೆ ಇದ್ರೆ ಕಂಪ್ಯೂಟರ್ ಸಂಪರ್ಕ ಮುಚ್ಚಿಬಿಡತ್ತೆ, ಆಪಲ್ಲಿ ಪಾಜ್ ಒತ್ತಿ ಮತ್ತೆ ಶುರು ಮಾಡಿದಾಗ ಬರಲ್ಲ ಅನ್ನೋದು ಅದಕ್ಕೇ.

ಇನ್ನೊಬ್ರು, ವಾಹನ ಟ್ರ್ಯಾಕರ್ ಒಂದು ಅದೇ ಸಾಕೆಟ್ಟಲ್ಲಿ ಇದೆ, ಎರಡಾಗೋ ಕೇಬಲ್ ಹಾಕಿ ಲಾಗರ್ ಕೂಡ ಹಾಕಿದ್ದೀನಿ, ಪರವಾಗಿಲ್ವಾ ಅಂದ್ರು. ಬೇಡ. ಎರಡೂ ಅದೇ ವಿಳಾಸಕ್ಕೆ ಕೇಳ್ತವೆ, ಉತ್ತರ 7ಇ8ರಿಂದ ಬಂದಾಗ ಇಬ್ರಿಗೂ ಕೇಳ್ಸತ್ತೆ, ಅವರು ಕೇಳಿದ್ದು ನಿಮ್ಮದಕ್ಕೆ ಸೇರತ್ತೆ. ತನಿಖೆ ಮಾಡೋ ದಿನ ಸಾಕೆಟ್ಟಲ್ಲಿ ಒಂದೇ ಒಂದು ಇರ್ಲಿ.

ಕೊನೇಲಿ ಒಬ್ಬರು ಮೇಡಂ ಕೇಳಿದ್ರು, ಎಲ್ಲಾ ಸರಿ, ಆ ಜರ್ಕ್ ಏನಾಯ್ತು ಅಂತ. ಲಾಗ್ ಸರಿ ಆದ್ಮೇಲೆ ಭಾಗಾಕಾರ ಗೆರೆ ಎಳೆದ ಹಾಗೆ 41ರಲ್ಲೇ ಇತ್ತು, ಕ್ಲಚ್ ಕಡೆ ನೋಡೋದೇ ಬೇಡ ಅಂತಾಯ್ತು. ಆಮೇಲೆ ಮೋಡ್ 07 ಕೇಳಿದೆ, ಇನ್ನೂ ಪಕ್ಕಾ ಆಗದೆ ಕಾಯ್ತಿರೋ ಕೋಡ್‌ಗಳು ಅದರಲ್ಲಿ ಸಿಗ್ತವೆ, ಡ್ಯಾಶ್‌ಬೋರ್ಡ್ ದೀಪ ಹತ್ತೋಕೆ ಮುಂಚೆನೇ. ಪಿ0302 ಇತ್ತು, ಎರಡನೇ ಸಿಲಿಂಡರ್ ಮಿಸ್‌ಫೈರ್, ಅಂದ್ರೆ ಅಲ್ಲಿ ಇಂಧನ ಸರಿಯಾಗಿ ಉರೀತಿಲ್ಲ. ಎರಡನೇದರ ಇಗ್ನಿಷನ್ ಕಾಯಿಲ್, ಅಂದ್ರೆ ಸ್ಪಾರ್ಕಿಗೆ ಕರೆಂಟ್ ಕೊಡೋ ಭಾಗ, ಮೂರನೇದಕ್ಕೆ, ಮೂರನೇದರದ್ದು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿದೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಏರು ರಸ್ತೆಲಿ ಜರ್ಕ್ ಹೊಡೀತು, ಪಕ್ಕಕ್ಕೆ ನಿಲ್ಲಿಸಿ ನೋಡ್ದೆ, ಪಿ0303. ಕಾಯಿಲ್ ಹೋದ ಕಡೆಗೇ ತೊಂದರೆನೂ ಹೋಗಿತ್ತು.